ಗಾರೆ ಕೆಲಸಕ್ಕೆ ಮೇ ತಿಂಗಳು ಸಲ್ಲದು

ಮಾನ್ಯ ಸಂಪಾದಕರೇ,

ಮೇ ತಿಂಗಳು ಬಂತೆಂದರೆ ಮುಂಬೈಯ ಹಳೆ ಕಟ್ಟಡಗಳ ಸುತ್ತ ಬಿದಿರಿನ ಸಾರುವೆ ಏಳುತ್ತದೆ. ಚಾಳು, ದೇವಸ್ಥಾನ, ಚರ್ಚು ಎಲ್ಲಕ್ಕೂ ಮಳೆಗೆ ಮುಂಚೆ ದುರಸ್ತಿ ಮುಗಿಯಬೇಕು. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗೆ ಈ ಅವಸರದ ದುರಸ್ತಿಯಿಂದ ಆಗುವ ಕೇಡು ಮಳೆಯಿಂದಲೂ ಆಗುವುದಿಲ್ಲ. ಇಲ್ಲಿನ ಕನ್ನಡ ಸಂಘಗಳು, ಚರ್ಚ್ ಸಭೆಗಳ ಕಮಿಟಿಗಳು, ಕೋಟೆ (ಫೋರ್ಟ್) ಮತ್ತು ಗಿರ್ಗಾಂವ್ ಭಾಗದ ಹಳೆ ಕಟ್ಟಡಗಳಲ್ಲಿರುವ ನಮ್ಮವರು ಇದನ್ನು ತಿಳಿದಿರಲೆಂದು ಈ ಪತ್ರ.

ಕೊಲಾಬಾದ ತುದಿಯಲ್ಲಿ, ನೇವಿ ನಗರದ ಬಳಿ ಇರುವ ಅಫ್ಘಾನ್ ಚರ್ಚನ್ನೇ ತೆಗೆದುಕೊಳ್ಳಿ. ಅಫ್ಘಾನರು ಕಟ್ಟಿಸಿದ್ದೆಂದು ಹಲವರು ತಿಳಿದಿದ್ದಾರೆ, ಹಾಗಲ್ಲ. ಅದರ ಸರಿಯಾದ ಹೆಸರು ಸುವಾರ್ತಿಕನಾದ ಸಂತ ಯೋಹಾನನ ದೇವಾಲಯ. 1838ರಿಂದ 1843ರವರೆಗಿನ ಅಫ್ಘಾನಿಸ್ತಾನ ಮತ್ತು ಸಿಂಧ್ ದಂಡಯಾತ್ರೆಗಳಲ್ಲಿ ಸತ್ತವರ ನೆನಪಿಗೆ ಅದನ್ನು ಕಟ್ಟಲಾಯಿತು. 1847ರ ಡಿಸೆಂಬರ್‌ನಲ್ಲಿ ಅಡಿಗಲ್ಲು, 1858ರ ಜನವರಿಯಲ್ಲಿ ಪ್ರತಿಷ್ಠೆ, ಗೋಪುರದ ಶಿಖರ ಮುಗಿದದ್ದು 1865ರಲ್ಲಿ. ಶಿಖರದ ತುದಿಯವರೆಗೆ 198 ಅಡಿ. ಒಳಗಿನ ಸ್ಮಾರಕ ಬರಹವನ್ನು ಹೋದವರು ನಿಂತು ಓದಲೇಬೇಕು. ಅಧಿಕಾರಿಗಳ ಹೆಸರು ಚಾನ್ಸೆಲ್ ಎನ್ನುವ ವೇದಿಯ ಭಾಗದ ಗೋಡೆಗಳ ಮೇಲಿವೆ. ಸಾಮಾನ್ಯ ಸಿಪಾಯಿಗಳು ಹೆಸರು ಬರೆಯಲಾಗದಷ್ಟು ಮಂದಿ ಎಂದು ಆ ಬರಹವೇ ಹೇಳುತ್ತದೆ.

ನಕ್ಷೆ ಹೆನ್ರಿ ಕಾನಿಬೇರ್ ಅವರದು. ಮುಂಬೈಗೆ ವಿಹಾರ್ ಕೆರೆಯ ನೀರು ತಂದ ಎಂಜಿನಿಯರ್ ಇವರೇ. ನೆಲಕ್ಕೆ ಹಾಸಿದ ಬಣ್ಣದ ಬಿಲ್ಲೆಗಳು ವಿಲಿಯಂ ಬಟರ್‌ಫೀಲ್ಡ್ ಅವರ ವಿನ್ಯಾಸ, ಇಂಗ್ಲೆಂಡಿನಿಂದ ಬಂದವು. ಪೂರ್ವ ಪಶ್ಚಿಮದ ಬಣ್ಣದ ಗಾಜಿನ ಕಿಟಕಿಗಳು ವಿಲಿಯಂ ವೇಲ್ಸ್ ಅವರವು. ಶೈಲಿ ಇಂಗ್ಲಿಷ್ ಗೋಥಿಕ್: ಮೊನೆಯಾದ ಕಮಾನು, ಕಡಿದಾದ ಚಾವಣಿ, ಗೋಡೆಗೆ ಒತ್ತುಕೊಟ್ಟು ನಿಂತ ಆನುಗಂಬಗಳು. ಅದು ನೋಟಕ್ಕಷ್ಟೇ ಮಾಡಿದ್ದಲ್ಲ. ಕೊಲಾಬಾದಲ್ಲಿ ಒಂದು ಮಳೆಗಾಲಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಕಡಿದಾದ ಚಾವಣಿ ಆ ನೀರನ್ನು ನಿಲ್ಲಗೊಡುವುದಿಲ್ಲ. ಕಿಟಕಿ ಕಮಾನಿನ ಮೇಲೆ ಮುಂದಕ್ಕೆ ಚಾಚಿದ ಕಲ್ಲಿನ ಪಟ್ಟಿ ಗೋಡೆಯಿಂದ ಇಳಿಯುವ ಹನಿಯನ್ನು ಗಾಜಿನಿಂದಾಚೆ ಬೀಳಿಸುತ್ತದೆ.

ಗೋಡೆಯ ಕಲ್ಲು ಸ್ಥಳೀಯ ಬಸಾಲ್ಟ್. ಕಂಬ, ಕಮಾನು, ಅಂಚುಗಳಿಗೆ ಪೋರ್‌ಬಂದರಿನ ಸುಣ್ಣಕಲ್ಲು. ಬಸಾಲ್ಟ್ ಗಟ್ಟಿ. ಪೋರ್‌ಬಂದರ್ ಕಲ್ಲು ಕೆತ್ತನೆಗೆ ಒದಗುವಷ್ಟು ಮೃದು, ಆದ್ದರಿಂದಲೇ ನೀರು ಹೀರುತ್ತದೆ. ಎರಡರ ನಡುವೆ ಸುಣ್ಣದ ಗಾರೆ. ಗೋಡೆಗೆ ಇಳಿದ ತೇವ ಈ ಗಾರೆಯ ಸಂದಿನಿಂದಲೇ ಹೊರಗೆ ಆರುತ್ತದೆ. ಕಲ್ಲಿಗಿಂತ ಗಾರೆ ಮೆದುವಾಗಿರಬೇಕು. ಸವೆದರೆ ಗಾರೆ ಸವೆಯಲಿ, ಅದನ್ನು ಮತ್ತೆ ತುಂಬಬಹುದು.

ಆ ಸಂದಿಗೆ ಸಿಮೆಂಟು ಮೆತ್ತಿದರೆ ಇದು ತಲೆಕೆಳಗಾಗುತ್ತದೆ. ಸಿಮೆಂಟು ತೇವವನ್ನು ಹೊರಬಿಡುವುದಿಲ್ಲ, ನೀರು ಮೃದುವಾದ ಕಲ್ಲಿನ ಮೂಲಕವೇ ದಾರಿ ಹುಡುಕುತ್ತದೆ. ಸಮುದ್ರದ ಗಾಳಿಯಿಂದ ಬಂದ ಉಪ್ಪು ಅದರ ಜೊತೆ ಬಂದು ಕಲ್ಲಿನ ಮೈ ಕೆಳಗೆ ಹರಳುಗಟ್ಟುತ್ತದೆ. ಮೊದಲು ಬಿಳಿ ಪುಡಿ, ಆಮೇಲೆ ಹಪ್ಪಳದ ಹಾಗೆ ಏಳುವ ಪದರ. ಹತ್ತಿರ ಹೋಗಿ ನೋಡಿದರೆ ಸಿಮೆಂಟಿನ ಗೆರೆ ಮಾತ್ರ ಉಬ್ಬಿ ನಿಂತಿರುತ್ತದೆ, ಅಕ್ಕಪಕ್ಕದ ಕಲ್ಲು ಕುಳಿಬಿದ್ದಿರುತ್ತದೆ. ಎಣ್ಣೆ ಬಣ್ಣ, ವಾಟರ್‌ಪ್ರೂಫ್ ಬಣ್ಣ ಬಳಿದರೂ ಇದೇ ಗತಿ.

ಗುತ್ತಿಗೆದಾರರು ಸಿಮೆಂಟು ಹಿಡಿಯುವುದೇಕೆ? ಸುಣ್ಣದ ಗಾರೆ ಗಾಳಿಯನ್ನು ತೆಗೆದುಕೊಂಡು ನಿಧಾನವಾಗಿ, ವಾರಗಟ್ಟಲೆ ಗಟ್ಟಿಯಾಗುತ್ತದೆ. ಮೇ ಕೊನೆಯಲ್ಲಿ ತುಂಬಿದ್ದು ಜೂನ್ ಮಳೆಗೆ ತೊಳೆದುಹೋಗುತ್ತದೆ. ಕೆಲಸವನ್ನು ಮೇ ತಿಂಗಳಲ್ಲಿ ಕೊಟ್ಟ ಕಮಿಟಿಯೇ ಸಿಮೆಂಟನ್ನು ಕರೆತಂದ ಹಾಗೆ. ಗಾರೆ ಕೆಲಸ ನವೆಂಬರ್‌ನಿಂದ ಫೆಬ್ರವರಿಯೊಳಗೆ ಆಗಬೇಕು.

ಹಳೆ ಗಾರೆಯನ್ನು ಸಣ್ಣ ಉಳಿಯಿಂದ ಕೈಯಲ್ಲೇ ಕೆರೆಯಿರಿ. ಗ್ರೈಂಡರ್ ಓಡಿಸಿದರೆ ಕಲ್ಲಿನ ಅಂಚು ಹೋಗುತ್ತದೆ, ಅದು ಮತ್ತೆ ಬರುವುದಿಲ್ಲ. ಸಂದಿನ ಅಗಲದ ಎರಡರಷ್ಟು ಆಳಕ್ಕಾದರೂ ಹೋಗಿ ಧೂಳು ತೆಗೆದು, ನೀರು ಚಿಮುಕಿಸಿ. ಒಂದು ಪಾಲು ಅರಳಿಸಿದ ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಮರಳು. ಸಮುದ್ರದ ಮರಳು ಬೇಡವೇ ಬೇಡ. ಗಾರೆಗೆ ನೀರು ಹೆಚ್ಚಾದರೆ ಆರುವಾಗ ಬಿರಿಯುತ್ತದೆ. ಪದರ ಪದರವಾಗಿ ಒತ್ತಿ ತುಂಬಿ, ಒದ್ದೆ ಗೋಣಿಚೀಲ ಹೊದಿಸಿ, ಕನಿಷ್ಠ ಒಂದು ವಾರ ಬಿಸಿಲು ತಾಗದಂತೆ ನೋಡಿಕೊಳ್ಳಿ.

ಏಪ್ರಿಲ್, ಮೇ ತಿಂಗಳಿಗೆ ಬೇರೆ ಕೆಲಸವಿದೆ. ಚಾವಣಿಯ ಅಂಚಿನಲ್ಲಿ ಮಳೆನೀರು ಹರಿಯುವ ದೋಣಿ, ಇಳಿಕೊಳವೆಗಳಲ್ಲಿ ಸೇರಿದ ಎಲೆ, ಪಾರಿವಾಳದ ಗೂಡು ತೆಗೆದು, ಬಕೆಟ್ ನೀರು ಸುರಿದು ಅದು ಕೆಳಗೆ ಬರುವುದನ್ನು ಕಣ್ಣಾರೆ ನೋಡಬೇಕು. ಕಸ ಕಟ್ಟಿಕೊಂಡ ಒಂದು ಕೊಳವೆ ಇಡೀ ಮಳೆಗಾಲ ಗೋಡೆಯೊಳಗೆ ನೀರು ಕುಡಿಸುತ್ತದೆ. ಸಂದಿನಲ್ಲಿ ಹುಟ್ಟಿದ ಅರಳಿ ಸಸಿಯ ತಲೆ ಕತ್ತರಿಸಿದರೆ ಸಾಲದು, ಬೇರು ಸಾಯಬೇಕು. ಬೇರು ದಪ್ಪಗಾಗಿದ್ದರೆ ಎಳೆಯಬೇಡಿ, ಕಲ್ಲೂ ಜೊತೆಗೆ ಬರುತ್ತದೆ. ಕಿಟಕಿಯ ಕಬ್ಬಿಣದ ಸರಳು ಕಲ್ಲಿಗೆ ಸೇರುವ ಕಡೆ ಕೂದಲೆಳೆಯ ಬಿರುಕು ಕಂಡರೆ ಅದು ತುಕ್ಕಿನ ಗುರುತು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಲ್ಲನ್ನು ಸೀಳುತ್ತದೆ. ಬಿರುಕಿಗೆ ಗಾರೆ ತುಂಬಿ ಮುಚ್ಚಿದರೆ ಒಳಗೆ ಸೀಳುವುದು ನಿಲ್ಲುವುದಿಲ್ಲ. ಬಣ್ಣದ ಗಾಜಿನ ಹೊರಗೆ ಪ್ಲಾಸ್ಟಿಕ್ ಹಾಳೆ ಹಾಕುವವರು ಮೇಲೆ ಕೆಳಗೆ ಗಾಳಿಗೆ ಸಂದು ಬಿಡಲಿ. ಇಲ್ಲದಿದ್ದರೆ ನಡುವೆ ಕಾವು ಕಟ್ಟಿ ಗಾಜಿನ ತುಂಡುಗಳನ್ನು ಹಿಡಿದಿಟ್ಟ ಸೀಸದ ಪಟ್ಟಿ ಬಾಗುತ್ತದೆ.

ಕಮಿಟಿಗಳ ಸಭೆಯಲ್ಲಿ ಬಣ್ಣಕ್ಕೆ ಹಣ ಬೇಗ ಮಂಜೂರಾಗುತ್ತದೆ, ದೋಣಿ ತೊಳೆಯಲು ಆಗುವುದಿಲ್ಲ. ದಯವಿಟ್ಟು ಈ ಕ್ರಮ ಬದಲಿಸಿ. ಮೊದಲು ಚಾವಣಿ, ಆಮೇಲೆ ದೋಣಿ, ಆಮೇಲೆ ಸಂದು, ಬಣ್ಣ ಕೊನೆಗೆ. ನವೆಂಬರಿಗೆ ಗಾರೆ ಬೇಕಿದ್ದರೆ ಸುಣ್ಣವನ್ನು ಆಗಸ್ಟ್‌ನಲ್ಲೇ ನೀರಿಗೆ ಹಾಕಿ ಮುಚ್ಚಿಡಬೇಕು.

– ಹಳೆ ಕಟ್ಟಡಗಳ ದುರಸ್ತಿಯಲ್ಲಿರುವ ಕನ್ನಡಿಗರು, ಮುಂಬೈ