ರೆಪ್ಪೆ ನೋಡುತ್ತಾ ಮಾತಾಡುತ್ತಿದ್ದ ಡಾಕ್ಟರು

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ನನ್ನ ಗೆಳೆಯನ ನಿಧನದ ಸುದ್ದಿ ಬಂತು. ಚಿಕ್ಕ ಫೋಟೊ, ಕೆಳಗೆ ನಾಲ್ಕು ಸಾಲು. ಅವನ ಬಗ್ಗೆ ಅಷ್ಟು ಸಾಲದು ಅನ್ನಿಸಿ ಬರೆಯುತ್ತಿದ್ದೇನೆ. ಹೆಸರು ಮತ್ತೆ ಹಾಕಿಸಬೇಡಿ ಎಂದು ಮನೆಯವರು ಕೇಳಿಕೊಂಡಿದ್ದಾರೆ. ಪತ್ರಿಕೆಗೆ ಬರೆಯುವಾಗ 'ಅವರು' ಎನ್ನಬೇಕು, ಗೊತ್ತು. ಆದರೆ ಮೈಸೂರು ಮೆಡಿಕಲ್ ಕಾಲೇಜಿನ ಮೊದಲ ದಿನದಿಂದ 'ಲೋ' ಎಂದೇ ಕರೆದವನು. ಮನಸ್ಸು ಒಪ್ಪುತ್ತಿಲ್ಲ.

ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾವಿಬ್ಬರೂ ಹನ್ನೊಂದು ವರ್ಷ ಜೊತೆಗೆ ಕೆಲಸ ಮಾಡಿದೆವು. ಸುತ್ತ ಭತ್ತ, ಕಬ್ಬು, ನಾಲೆ. ಇಲಿಗಳು ಜಾಸ್ತಿ, ಹಾಗಾಗಿ ಹಾವೂ ಜಾಸ್ತಿ. ಮಳೆಗಾಲದಲ್ಲಿ ಸಂಜೆಯಾದರೆ ಯಾರನ್ನಾದರೂ ಹೊತ್ತು ತರುತ್ತಿದ್ದರು, ಕಾಲಿಗೆ ಹಗ್ಗ ಬಿಗಿದು. ನಮಗೆಲ್ಲ ಭಯ. ಬೇಗ ಮೈಸೂರಿಗೆ ಸಾಗಿಸಿಬಿಡೋಣ ಎನ್ನುತ್ತಿದ್ದೆವು. ಅವನು ಮಾತ್ರ, "ವಿಷದ ಮದ್ದಿನ ಮೊದಲ ಡೋಸ್ ಇಲ್ಲೇ ಹೋಗಲಿ, ದಾರಿಯಲ್ಲಿ ಸತ್ತರೆ?" ಎನ್ನುತ್ತಿದ್ದ.

2010ರ ಒಂದು ರಾತ್ರಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬದುವಿನಲ್ಲಿ ಹುಲ್ಲು ಕುಯ್ಯುತ್ತಿದ್ದ ಹೆಂಗಸು. ಪಾದ ಊದಿತ್ತು. ಕಚ್ಚಿದ್ದು ಯಾವ ಹಾವು ಅಂತ ಯಾರಿಗೂ ಗೊತ್ತಿಲ್ಲ. ಅವನು ಎರಡು ಎಂಎಲ್ ರಕ್ತ ತೆಗೆದು ಗಾಜಿನ ಟ್ಯೂಬಿಗೆ ಹಾಕಿ ಕಿಟಕಿಯ ಹತ್ತಿರ ನಿಲ್ಲಿಸಿಟ್ಟ. ಇಪ್ಪತ್ತು ನಿಮಿಷ ಅದನ್ನು ಅಲುಗಿಸಬಾರದು. ಆಮೇಲೆ ವಾಲಿಸಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ ಕೊಳಕುಮಂಡಲದ ವಿಷ ಏರಿದೆ ಎಂದೇ ಲೆಕ್ಕ. ಆ ಟ್ಯೂಬುಗಳನ್ನು ಅವನು ಸ್ವಂತ ದುಡ್ಡಿನಲ್ಲಿ ಮೈಸೂರಿನಿಂದ ತಂದು ಡ್ರಾಯರಿನಲ್ಲಿ ಬೀಗ ಹಾಕಿ ಇಡುತ್ತಿದ್ದ. ಸೋಪುಪುಡಿಯಲ್ಲಿ ತೊಳೆದ ಟ್ಯೂಬಿನಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಮೋಸ ಮಾಡುತ್ತದೆ, ಅದಕ್ಕೆ.

ಆ ಇಪ್ಪತ್ತು ನಿಮಿಷ ಸ್ಟೂಲ್ ಎಳೆದುಕೊಂಡು ಆಕೆಯ ಮುಖದ ಎದುರಿಗೇ ಕೂತ. "ಎಷ್ಟು ಹಸ ಅವವ್ವ? ಡೈರಿಗೆ ಎಷ್ಟು ಲೀಟ್ರು ಹಾಕ್ತೀಯೆ?" ಅಂತ ಒಂದೇ ಸಮನೆ ಮಾತು. ಸುಮ್ನೆ ಧೈರ್ಯ ಹೇಳುತ್ತಿದ್ದಾನೆ ಅಂದುಕೊಂಡಿದ್ದೆ. ಆಮೇಲೊಂದು ದಿನ ಅವನೇ ಹೇಳಿದ: "ಮಾತು ತೊದಲುತ್ತಾ, ರೆಪ್ಪೆ ಜೋಲುತ್ತಾ ಅಂತ ನೋಡ್ತಿರ್ತೀನಿ. ನಾಗರಹಾವೋ ಕಟ್ಟುಹಾವೋ ಆದ್ರೆ ಮೊದಲು ಹೇಳೋದು ರೆಪ್ಪೆನೇ ಕಣೋ."

ಟ್ಯೂಬು ವಾಲಿಸಿದ. ರಕ್ತ ನೀರಿನ ಹಾಗೆ ಹರಿಯಿತು. ಹತ್ತು ವಯಲ್, ಅಂದರೆ ಹತ್ತು ಪುಟ್ಟ ಸೀಸೆ, ವಿಷದ ಮದ್ದು ಡ್ರಿಪ್ಪಿನಲ್ಲಿ ಹೋಗುವವರೆಗೂ, ಅದು ಮೈಗೆ ಒಗ್ಗದೆ ಅಲರ್ಜಿಯಾದರೆ ಕೊಡಲೆಂದು ಕೈಯಲ್ಲಿ ಅಡ್ರಿನಾಲಿನ್ ಸಿರಿಂಜ್ ಹಿಡಿದು ಪಕ್ಕದಲ್ಲೇ ನಿಂತಿದ್ದ. ಕಿಡ್ನಿಗೆ ತೊಂದರೆ ಆಗಬಾರದೆಂದು ಆಮೇಲೆ 108ರಲ್ಲಿ ಮೈಸೂರಿಗೆ ಕಳಿಸಿದ. ಕೆಲವು ತಿಂಗಳ ಮೇಲೆ ಆಕೆ ನಡೆದುಕೊಂಡೇ ಬಂದಳು. ಹಸು ಕರು ಹಾಕಿತ್ತು, ಗಿಣ್ಣು ತಂದಿದ್ದಳು.

ಮಕ್ಕಳಿಗೂ ಅವನು ಅಷ್ಟೇ ಡೋಸ್ ಕೊಡುತ್ತಿದ್ದ. ಹೊಸ ನರ್ಸುಗಳು ಗಾಬರಿಯಾದರೆ, "ಮಗು ಅಂತ ಹಾವು ಕಮ್ಮಿ ವಿಷ ಬಿಡುತ್ತಾ?" ಎಂದು ಕೇಳುತ್ತಿದ್ದ. ಬಂದ ಪ್ರತಿಯೊಬ್ಬರ ಊರು, ಕಚ್ಚಿದ ಹೊತ್ತು, ಕೊಟ್ಟ ವಯಲ್, ಕೊನೆಗೆ ಏನಾಯಿತು, ಎಲ್ಲವನ್ನೂ ಲಾಂಗ್ ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಯಾರೂ ಕೇಳಿರಲಿಲ್ಲ. 2024ರ ಫೆಬ್ರವರಿಯಲ್ಲಿ ಹಾವು ಕಡಿತದ ಪ್ರತಿ ಕೇಸನ್ನೂ ವರದಿ ಮಾಡಲೇಬೇಕೆಂದು ನಮ್ಮ ಸರ್ಕಾರ ಆದೇಶ ಮಾಡಿತಲ್ವಾ, ಅವತ್ತು ಫೋನ್ ಮಾಡಿ, "ಇನ್ಮೇಲೆ ಎಲ್ರೂ ಬರೀಬೇಕಂತೆ ಕಣೋ!" ಎಂದ. ನಿವೃತ್ತನಾಗಿ ವರ್ಷಗಳೇ ಆಗಿದ್ದವು. ಆ ದನಿಯಲ್ಲಿದ್ದ ಖುಷಿ ಇನ್ನೂ ಕಿವಿಯಲ್ಲಿದೆ.

ಕೊನೆಯ ವಾರ ಮೈಸೂರಿನ ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕೂತಿದ್ದೆ. ಏನು ಮಾತಾಡಬೇಕೋ ತೋಚದೆ ಮಳೆ, ಕಟ್ಟೆಯ ನೀರು, ಕಬ್ಬಿನ ರೇಟು ಅಂತ ಏನೇನೋ ಹೇಳುತ್ತಿದ್ದೆ. ಕಣ್ಣು ಬಿಟ್ಟು ಮೆಲ್ಲಗೆ, "ರೆಪ್ಪೆ ನೋಡ್ತಿದ್ದೀಯೇನೋ?" ಎಂದ.

ಹೂಂ ಕಣೋ, ಎಂದೆ.

ನಿವೃತ್ತ ವೈದ್ಯ, ಮಂಡ್ಯ