ಮೂವತ್ತು ಕುರ್ಚಿಯ ರಿಯಾಯಿತಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಸಾರ್ವಜನಿಕ ಸ್ಥಳದಲ್ಲಿ ಸಿಗರೇಟು ಸೇದಿದರೆ ಇದ್ದ 200 ರೂಪಾಯಿ ದಂಡ ಈಗ 1000 ರೂಪಾಯಿವರೆಗೆ ಏರಿದೆ. ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಹೋಗಿದೆ. ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು, 50 ಸಾವಿರದಿಂದ ಒಂದು ಲಕ್ಷದವರೆಗೆ ದಂಡ. 2024ರಲ್ಲಿ ವಿಧಾನಮಂಡಲ ಒಪ್ಪಿ, 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ, ಕೇಂದ್ರದ 2003ರ ತಂಬಾಕು ನಿಯಂತ್ರಣ ಕಾಯ್ದೆಗೆ ರಾಜ್ಯ ತಂದ ಈ ತಿದ್ದುಪಡಿಯ ಬಗ್ಗೆ ತಮ್ಮ ಕಚೇರಿಗೆ ಬಂದಿರಬಹುದಾದ ಅಹವಾಲುಗಳನ್ನು ಊಹಿಸುವುದು ಕಷ್ಟವಲ್ಲ. ಪಬ್ ಮಾಲೀಕರು ವ್ಯಾಪಾರ ಬಿತ್ತು ಅನ್ನುತ್ತಾರೆ. ಸೇದುವವರು "ಮಾರೋಕೆ ಬಿಡ್ತೀರಿ, ಸೇದೋಕೆ ಬಿಡಲ್ಲ" ಅನ್ನುತ್ತಾರೆ. ಪಬ್ಬಿನ ಪಕ್ಕದ ಮನೆಯವರಿಗೆ ಹೊಗೆಯ ಜೊತೆ ಈಗ ಫುಟ್‌ಪಾತಿನ ಗಲಾಟೆಯೂ ಸೇರಿದೆ. ಸೇದದವರು ಮಾತ್ರ ಎಂದಿನಂತೆ ಸುಮ್ಮನಿದ್ದಾರೆ. ಪಕ್ಕದ ಮೇಜಿನವನಿಗೆ "ಸ್ವಲ್ಪ ಆರಿಸ್ತೀರಾ" ಎಂದು ಹೇಳಿ ಸಂಜೆ ಹಾಳುಮಾಡಿಕೊಳ್ಳುವವರು ಕಡಿಮೆ.

ಈ ಸಿಟ್ಟಿನಲ್ಲಿ ಬಹುಪಾಲು ಕಾನೂನಿನ ಮೇಲಿನದ್ದಲ್ಲ ಎಂದು ನಾವು ತಿಳಿದಿದ್ದೇವೆ. ಒಂದೇ ಬೀದಿಯಲ್ಲಿ ಒಂದು ಪಬ್ಬಿನಲ್ಲಿ ಹೊಗೆ ಉಂಟು, ಎದುರಿನದರಲ್ಲಿ ಇಲ್ಲ. ಒಂದು ಕಡೆ ದಂಡ ಬಿತ್ತು, ಇನ್ನೊಂದು ಕಡೆ ಕೈಬಿಸಿಯಲ್ಲಿ ಮುಗಿಯಿತು ಎಂಬ ಮಾತು. ಜನರನ್ನು ಕೆರಳಿಸುವುದು ಈ ಏರುಪೇರು. ಅದರ ಬೇರು 2003ರ ಕೇಂದ್ರ ಕಾಯ್ದೆಯ 4ನೇ ಕಲಮಿನಲ್ಲಿದೆ. 30 ಕೋಣೆಗಳ ಹೋಟೆಲು, 30 ಜನ ಕೂರುವ ರೆಸ್ಟೋರೆಂಟು, ವಿಮಾನ ನಿಲ್ದಾಣ, ಈ ಮೂರರಲ್ಲಿ ಸೇದಲು ಪ್ರತ್ಯೇಕ ಜಾಗ ಮಾಡಬಹುದು ಎನ್ನುವ ರಿಯಾಯಿತಿ ಅದು. ನಮ್ಮ ರಾಜ್ಯದ ತಿದ್ದುಪಡಿಯೂ ಇದನ್ನು ಮುಟ್ಟಲಿಲ್ಲ. 30 ಕುರ್ಚಿ ಇಲ್ಲದ ಪಬ್ಬನ್ನು ಹುಡುಕಿಕೊಂಡೇ ಹೋಗಬೇಕು, ಹಾಗಾಗಿ ರಿಯಾಯಿತಿ ಹೆಚ್ಚುಕಡಿಮೆ ಎಲ್ಲರಿಗೂ ಸಿಕ್ಕಂತಾಯಿತು.

ಕೇಂದ್ರದ 2008ರ ನಿಯಮಗಳು ಅದೇ ವರ್ಷ ಅಕ್ಟೋಬರ್ 2ರಿಂದ ಜಾರಿಯಲ್ಲಿವೆ. ಈ ಕೋಣೆ ಹೇಗಿರಬೇಕೆಂದು ಅವು ಸ್ಪಷ್ಟವಾಗಿ ಹೇಳುತ್ತವೆ: ನಾಲ್ಕೂ ಕಡೆ ಪೂರ್ತಿ ಎತ್ತರದ ಗೋಡೆ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ಹೊಗೆ ನೇರ ಹೊರಗೆ ಹೋಗುವ, ಕಟ್ಟಡದ ಉಳಿದ ಗಾಳಿಯೊಂದಿಗೆ ಬೆರೆಯದ ವ್ಯವಸ್ಥೆ, ಹೊರಗಿಗಿಂತ ಒಳಗೆ ಕಡಿಮೆ ಗಾಳಿಯ ಒತ್ತಡ. ಕೋಣೆ ಪ್ರವೇಶದ್ವಾರದಲ್ಲಾಗಲಿ ನಿರ್ಗಮನದಲ್ಲಾಗಲಿ ಇರಕೂಡದು. ಅದರೊಳಗೆ ಯಾವ ಸೇವೆಯನ್ನೂ ಕೊಡಕೂಡದು. ಈ ಕೊನೆಯ ಮಾತನ್ನು 2017ರಲ್ಲಿ ಮತ್ತೊಮ್ಮೆ ಒತ್ತಿ ಹೇಳಲಾಗಿದೆ.

ಕಾಗದದ ಮೇಲೆ ಎಲ್ಲ ಸರಿ. ಕೋಣೆ ಕಟ್ಟುವಾಗ ಏನಾಗುತ್ತದೆ ನೋಡಿ.

ಮೊದಲನೆಯದು ಗೋಡೆ. ಜಿಪ್ಸಮ್ ಅಥವಾ ಗಾಜಿನ ವಿಭಜನೆಯನ್ನು ಫಾಲ್ಸ್ ಸೀಲಿಂಗ್‌ವರೆಗೆ ಎಬ್ಬಿಸಿ ನಿಲ್ಲಿಸುತ್ತಾರೆ. ಫಾಲ್ಸ್ ಸೀಲಿಂಗಿಗೂ ಮೇಲಿನ ಆರ್‌ಸಿಸಿ ಸ್ಲ್ಯಾಬಿಗೂ ನಡುವೆ ಒಂದೂವರೆ ಎರಡು ಅಡಿ ಖಾಲಿ ಜಾಗ ಇರುತ್ತದೆ. ಊಟದ ಹಾಲ್‌ನ ಎಸಿ ವಾಪಸ್ ಗಾಳಿ ಎಳೆಯುವುದು ಎಷ್ಟೋ ಕಡೆ ಅದೇ ಖಾಲಿ ಜಾಗದಿಂದ. ಲೈಟಿನ ತೂತು, ಸ್ಪ್ರಿಂಕ್ಲರ್ ಪೈಪಿನ ಸಂದು, ಇಷ್ಟು ಸಾಕು, ಹೊಗೆ ಮೇಲೇರಿ ಗೋಡೆ ದಾಟಿ ಹಾಲಿನ ತುಂಬ ಹಂಚಿಹೋಗುತ್ತದೆ. ಕೆಳಗೆ ನಿಂತು ನೋಡುವ ಇನ್‌ಸ್ಪೆಕ್ಟರಿಗೆ ಗೋಡೆ ಪೂರ್ತಿ ಎತ್ತರದ್ದೇ ಅನಿಸುತ್ತದೆ. ಸೀಲಿಂಗಿನ ಒಂದು ಟೈಲ್ ಎತ್ತಿ ಟಾರ್ಚ್ ಹಾಕಿದರೆ ಮಾತ್ರ ನಿಜ ಗೊತ್ತಾಗುವುದು.

ಎರಡನೆಯದು ಫ್ಯಾನು. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಒಂಬತ್ತಡಿ ಎತ್ತರದ ಕೋಣೆ ಅಂದುಕೊಳ್ಳೋಣ, 1080 ಘನ ಅಡಿ. ಒಳಗೆ ಎಂಟು ಜನ. ಸೇದುವ ಕೋಣೆಗೆ ತಲೆಗೆ ನಿಮಿಷಕ್ಕೆ 60 ಘನ ಅಡಿ ಗಾಳಿ ಬೇಕೆಂದು ಹಳೆಯ ಎಂಜಿನಿಯರಿಂಗ್ ಮಾನದಂಡ ಹೇಳುತ್ತಿತ್ತು. ಆ ಲೆಕ್ಕಕ್ಕೆ ನಿಮಿಷಕ್ಕೆ 480 ಘನ ಅಡಿ, ಅಂದರೆ ಗಂಟೆಗೆ ಸುಮಾರು 27 ಸಲ ಕೋಣೆಯ ಗಾಳಿ ಪೂರ್ತಿ ಬದಲಾಗಬೇಕು. ಒಳಗೆ ಬಿಡುವ ಗಾಳಿ ಅದಕ್ಕಿಂತ ಕಡಿಮೆ, ಸುಮಾರು 400 ಇರಬೇಕು. ಉಳಿದ 80 ಬಾಗಿಲ ಕೆಳಗಿನ ಸಂದಿನಿಂದ ನುಗ್ಗಿ ಬಂದಾಗಲೇ ಹೊಗೆ ಹೊರಗೆ ಬರದಂತೆ ತಡೆಯಾಗುವುದು. ಆದರೆ ಹಾಕುವುದು ಬಚ್ಚಲುಮನೆಗೆ ಹಾಕುವ ಎಕ್ಸಾಸ್ಟ್ ಫ್ಯಾನು. ಗೋಡೆಯ ತೂತಿನಿಂದ ನೇರ ಬಯಲಿಗೆ ಬಿಟ್ಟಾಗ ಅದು ಒಂದಷ್ಟು ಗಾಳಿ ಎಳೆಯುತ್ತದೆ. ನಾಲ್ಕು ತಿರುವಿನ ಉದ್ದ ಡಕ್ಟಿಗೆ, ಅಂದರೆ ಗಾಳಿಯ ಕೊಳವೆಗೆ, ಜೋಡಿಸಿದರೆ ಡಕ್ಟಿನ ತಡೆಗೆ ಸೋತು ಬರೀ ಸದ್ದು ಮಾಡುತ್ತದೆ. ಆ ಕೆಲಸಕ್ಕೆ ಬ್ಲೋವರ್ ಬೇಕು. ಬ್ಲೋವರ್ ಹಾಕಿದರೆ ತಂಪು ಮಾಡಿದ ಗಾಳಿಯೆಲ್ಲ ಬೀದಿಗೆ ಹೋಗುತ್ತದೆ, ಕರೆಂಟ್ ಬಿಲ್ಲು ಏರುತ್ತದೆ. ಹಾಗಾಗಿ ಬ್ಲೋವರ್ ಇದ್ದ ಕಡೆಯೂ ಅದು ಓಡುವುದು ತಪಾಸಣೆಯ ದಿನ.

ಮೂರನೆಯದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ: ಅಡುಗೆಮನೆ. ಒಲೆಗಳ ಮೇಲಿನ ಹುಡ್ಡಿನ ಬ್ಲೋವರ್ ಸೇದುವ ಕೋಣೆಯದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಹೊರಗಿಂದ ಸಾಕಷ್ಟು ಗಾಳಿ ಬಿಡದಿದ್ದರೆ ಅದು ಇಡೀ ಹಾಲಿನಿಂದ ಗಾಳಿ ಎಳೆಯುತ್ತದೆ. ಹಾಲಿನ ಒತ್ತಡ ಸೇದುವ ಕೋಣೆಯದಕ್ಕಿಂತಲೂ ಕೆಳಗಿಳಿದರೆ ಹೊಗೆ ಹಾಲಿಗೆ ಬಂದು, ಊಟದ ಮೇಜುಗಳನ್ನು ಹಾಯ್ದು ಅಡುಗೆಮನೆಗೆ ಹೋಗುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಪರೀಕ್ಷಿಸಿದಾಗ ಪಾಸಾದ ಕೋಣೆ ಶನಿವಾರ ರಾತ್ರಿ ಹತ್ತಕ್ಕೆ ಫೇಲಾಗುವುದು ಹೀಗೆ.

ಬಾಗಿಲಿನದು ಸಣ್ಣ ಕಥೆ. ಡೋರ್ ಕ್ಲೋಸರ್ ಇರುತ್ತದೆ, ಅದಕ್ಕೆ ಅಡ್ಡವಾಗಿ ಒಂದು ಸ್ಟೂಲೂ ಇರುತ್ತದೆ. ಟ್ರೇ ಹಿಡಿದು ಓಡಾಡುವ ಹುಡುಗ ಪ್ರತಿ ಸಲ ಬಾಗಿಲು ತಳ್ಳಲಾರ. ಅಲ್ಲಿಗೆ ಟ್ರೇ ಹೋಗಲೇಬಾರದು ಎನ್ನುವುದು ಬೇರೆ ಮಾತು. ಸ್ಟೂಲ್ ಇಲ್ಲದಿದ್ದರೂ, ಬಾಗಿಲು ತೆರೆದು ಒಬ್ಬ ಹೊರಬಂದಾಗಲೆಲ್ಲ ಅವನ ಬೆನ್ನ ಹಿಂದೆಯೇ ಒಂದಷ್ಟು ಹೊಗೆ ಎಳೆದುಕೊಂಡು ಬರುತ್ತದೆ.

ಇದನ್ನೆಲ್ಲ ಸರಿಯಾಗಿ ಮಾಡಿಸಿದರೆ ಆಯಿತಲ್ಲ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಆಗುವುದಿಲ್ಲ. ಆ ತಲೆಗೆ 60 ಘನ ಅಡಿಯ ಲೆಕ್ಕ ವಾಸನೆ, ಕಿರಿಕಿರಿ ಕಡಿಮೆ ಮಾಡಲಿಕ್ಕಿದ್ದದ್ದೇ ಹೊರತು ಆರೋಗ್ಯ ಕಾಯಲಿಕ್ಕಲ್ಲ. ಹವಾನಿಯಂತ್ರಣ ಎಂಜಿನಿಯರುಗಳ ಅಮೆರಿಕನ್ ಸಂಸ್ಥೆ ಆಶ್ರೇ ತನ್ನ ನಿಲುವನ್ನು ಮುಚ್ಚುಮರೆಯಿಲ್ಲದೆ ಹೇಳಿದೆ: ಕಟ್ಟಡದೊಳಗೆ ಸೇದುವುದನ್ನು ನಿಲ್ಲಿಸುವುದೊಂದೇ ಅಪಾಯ ಕಳೆಯುವ ದಾರಿ, ಯಾವ ಫ್ಯಾನು ಫಿಲ್ಟರಿನಿಂದಲೂ ಅದು ಸಾಧ್ಯವಿಲ್ಲ. ಇನ್ನೊಬ್ಬರ ಹೊಗೆಗೆ ಸುರಕ್ಷಿತ ಮಟ್ಟ ಎಂಬುದೇ ಇಲ್ಲ ಎಂದು ಅಮೆರಿಕದ ಸರ್ಜನ್ ಜನರಲ್ ವರದಿ 2006ರಲ್ಲೇ ಹೇಳಿತು. ಗಾಳಿ ವ್ಯವಸ್ಥೆ ಮಾಡುವ ಎಂಜಿನಿಯರುಗಳ ಸಂಸ್ಥೆಯೇ ಫ್ಯಾನಿನಿಂದ ಆಗದು ಎಂದ ಮೇಲೆ ನಾವು ವಾದಿಸುವುದು ಯಾರ ಪರವಾಗಿ?

ವ್ಯಾಪಾರ ಬೀಳುತ್ತದೆ ಎಂಬ ಅಳಲು ನಮ್ಮ ಊರಿನದು ಮಾತ್ರವಲ್ಲ. ಐರ್ಲೆಂಡ್ 2004ರ ಮಾರ್ಚ್ 29ರಂದು ದೇಶದ ಎಲ್ಲ ಪಬ್ಬುಗಳಲ್ಲಿ ಸೇದುವುದನ್ನು ನಿಲ್ಲಿಸಿದಾಗ ಪಬ್ಬಿನ ಸಂಸ್ಕೃತಿಯೇ ಸತ್ತುಹೋಗುತ್ತದೆ ಎಂದು ಕೂಗೆದ್ದಿತ್ತು. ಅಲ್ಲಿ ಒಳಗೆ ಪ್ರತ್ಯೇಕ ಕೋಣೆಯ ರಿಯಾಯಿತಿ ಪಬ್ಬುಗಳಿಗೆ ಕೊಡಲಿಲ್ಲ. ಹೊರಗೆ ಚಪ್ಪರ ಹಾಕಿದರೂ ಸುತ್ತಳತೆಯ ಅರ್ಧಕ್ಕಿಂತ ಹೆಚ್ಚು ಗೋಡೆ ಇರಕೂಡದು ಎಂದು ಅಳತೆಯಲ್ಲೇ ಹೇಳಿದರು. ಎಲ್ಲರಿಗೂ ಒಂದೇ ನಿಯಮ ಆದದ್ದರಿಂದ "ಪಕ್ಕದವನ ಹತ್ತಿರ ಗಿರಾಕಿ ಹೋಗುತ್ತಾನೆ" ಎಂಬ ಭಯಕ್ಕೆ ಜಾಗ ಉಳಿಯಲಿಲ್ಲ, ಜನ ಬೇಗ ಒಗ್ಗಿಕೊಂಡರು. ಸ್ಕಾಟ್ಲೆಂಡ್ 2006ರ ಮಾರ್ಚ್‌ನಲ್ಲಿ ಅದೇ ದಾರಿ ಹಿಡಿಯಿತು. ಅಲ್ಲಿನ ಪಬ್ಬುಗಳಲ್ಲಿ ಸೂಕ್ಷ್ಮ ಕಣಗಳನ್ನು ನಿಷೇಧದ ಮುಂಚೆ, ಆಮೇಲೆ ಅಳೆದವರಿಗೆ ಕಂಡ ಇಳಿಕೆ ಶೇ. 86. ಸ್ಪೇನ್ ಮಾತ್ರ 2006ರಲ್ಲಿ ನಮ್ಮ ಹಾಗೆಯೇ ಯೋಚಿಸಿತು. 100 ಚದರ ಮೀಟರಿಗಿಂತ ಸಣ್ಣ ಬಾರುಗಳ ಮಾಲೀಕರು ತಮಗೆ ಬೇಕಾದ್ದು ಆರಿಸಿಕೊಳ್ಳಲಿ, ದೊಡ್ಡವರು ಕೋಣೆ ಕಟ್ಟಲಿ ಎಂದಿತು. ಸಣ್ಣವರಲ್ಲಿ ಹೆಚ್ಚಿನವರು ಆರಿಸಿದ್ದು ಹೊಗೆಯನ್ನೇ. ಐದು ವರ್ಷ ಜಗಳವಾಡಿ, ಕೋಣೆ ಕಟ್ಟಲು ದುಡ್ಡು ಸುರಿದವರ ಶಾಪವನ್ನೂ ಕಟ್ಟಿಕೊಂಡು, 2011ರ ಜನವರಿ 2ರಿಂದ ಪೂರ್ತಿ ನಿಷೇಧಕ್ಕೆ ಬರಬೇಕಾಯಿತು. ನೆದರ್ಲೆಂಡ್ಸ್‌ನಲ್ಲಿ ಕೋಣೆಗಳನ್ನು ಕೊನೆಗೆ ಅಲ್ಲಿನ ಸುಪ್ರೀಂ ಕೋರ್ಟೇ 2019ರಲ್ಲಿ ಮುಚ್ಚಿಸಿತು.

ಈಗ ಟೆರೇಸಿನ ಮಾತು. ರೂಫ್‌ಟಾಪ್ ಪಬ್ಬಿನಲ್ಲಿ ಸೇದಬಹುದು, ಅದು ಬಯಲು ಎಂಬುದು ಬೆಂಗಳೂರಿನ ಗಟ್ಟಿ ನಂಬಿಕೆ. 2003ರ ಕಾಯ್ದೆ ಸಾರ್ವಜನಿಕ ಸ್ಥಳದ ವ್ಯಾಖ್ಯೆಯಿಂದ ಬಯಲು ಜಾಗವನ್ನು ಹೊರಗಿಟ್ಟಿತ್ತು, ನಂಬಿಕೆ ಹುಟ್ಟಿದ್ದು ಅಲ್ಲಿಂದ. 2008ರ ನಿಯಮ ರೆಸ್ಟೋರೆಂಟ್ ಎಂದರೆ ಪಬ್, ಬಾರ್, ಡಿಸ್ಕೊಥೆಕ್ ಎಲ್ಲವೂ ಎಂದು ಹೆಸರಿಸಿ, ಅವುಗಳ ಸುತ್ತಲಿನ ಬಯಲನ್ನೂ ಒಳಗೆ ತಂದಿದೆ. ಹಾಗಾಗಿ ಟೆರೇಸ್, ಬಾಲ್ಕನಿ, ಅಂಗಳದ ಮೇಜು ಯಾವುದಕ್ಕೂ ವಿನಾಯಿತಿ ಇಲ್ಲ. ಆದರೆ ಆ ಬಯಲು ಎಲ್ಲಿಗೆ ಮುಗಿಯುತ್ತದೆ, ಗೇಟಿಗೋ ಚರಂಡಿಗೋ ಫುಟ್‌ಪಾತಿಗೋ ಎಂದು ಯಾರೂ ಗೆರೆ ಎಳೆದಿಲ್ಲ. ತಮ್ಮ ಇಲಾಖೆ ಒಂದು ಸುತ್ತೋಲೆಯಲ್ಲಿ ಇದನ್ನು ಮೀಟರಿನ ಲೆಕ್ಕದಲ್ಲಿ ಹೇಳಿದರೆ ಪಕ್ಕದ ಮನೆಯವರ ಅರ್ಧ ದೂರು ಕಡಿಮೆಯಾಗುತ್ತದೆ. ಇ-ಸಿಗರೇಟಿನ ಬಗ್ಗೆಯೂ ಅದೇ ಸುತ್ತೋಲೆಯಲ್ಲಿ ಒಂದು ಸಾಲು ಬರಲಿ. 2019ರ ಕೇಂದ್ರ ಕಾಯ್ದೆ ಅದರ ಮಾರಾಟವನ್ನೇ ನಿಷೇಧಿಸಿದ್ದರೂ, ಮೇಜಿನಲ್ಲಿ ಕೂತು ಎಳೆಯುವವನಿಗೆ ಏನು ಹೇಳಬೇಕೆಂದು ಮ್ಯಾನೇಜರಿಗೆ ತಿಳಿಯುತ್ತಿಲ್ಲ.

ದಂಡ ಯಾರಿಗೆ ಎಂಬುದು ಇನ್ನೊಂದು ಗಂಟು. ಪೇಪರಿನಲ್ಲಿ ಬರುವುದೆಲ್ಲ ಸೇದಿದವನ 1000 ರೂಪಾಯಿ. ಆದರೆ 2008ರ ನಿಯಮದಲ್ಲಿ ಬಿಗಿ ಇರುವುದು ಮಾಲೀಕನ ಜವಾಬ್ದಾರಿಯಲ್ಲಿ: ದೂರು ಯಾರಿಗೆ ಕೊಡಬೇಕೆಂದು ಹೆಸರು ಹಾಕಬೇಕು, ದೂರು ಬಂದ ಮೇಲೂ ಸುಮ್ಮನಿದ್ದರೆ ಎಷ್ಟು ಜನ ಸೇದಿದರೋ ಅಷ್ಟು ಅಪರಾಧಗಳ ದಂಡವನ್ನು ಅವನೇ ಕಟ್ಟಬೇಕು. ಧೂಮಪಾನ ನಿಷೇಧದ ಬೋರ್ಡಿನ ಅಳತೆಯೂ ಅಲ್ಲಿದೆ. 60 ಸೆಂಟಿಮೀಟರ್‌ಗೆ 30 ಸೆಂಟಿಮೀಟರ್ ಬಿಳಿ ಹಲಗೆ, ಕನಿಷ್ಠ 15 ಸೆಂಟಿಮೀಟರ್ ವ್ಯಾಸದ ಕೆಂಪು ವೃತ್ತ, ಅದರ ಅಂಚು 3 ಸೆಂಟಿಮೀಟರ್. ಬೋರ್ಡು ಎಲ್ಲ ಕಡೆಯೂ ಕಾಣುತ್ತದೆ. ಅದರ ಕೆಳಗೆ ಹೆಸರು, ಫೋನ್ ನಂಬರ್ ಇರಬೇಕಾದ ಜಾಗ ಖಾಲಿ.

ಆಷ್‌ಟ್ರೇ ಕೊಡಕೂಡದು ಎಂದಿದೆ, ಅದಕ್ಕೆ ಒದ್ದೆ ಟಿಶ್ಯೂ ಹಾಕಿದ ಪೇಪರ್ ಕಪ್ಪು ಬರುತ್ತದೆ. ನಿಯಮ "ಸೇದಲು ಅನುಕೂಲ ಮಾಡಿಕೊಡುವ ಇತರ ವಸ್ತು"ಗಳನ್ನೂ ಸೇರಿಸಿಯೇ ಬರೆದಿದೆ, ಆ ಕಪ್ಪನ್ನೇ ಸಾಕ್ಷಿಯಾಗಿ ಹಿಡಿಯಬಹುದು. ತಪಾಸಣೆಯವರು ಮೇಜಿನ ಮೇಲೆ ಸಿಗರೇಟು ಹುಡುಕುವುದಕ್ಕಿಂತ ಕಪ್ಪು ಹುಡುಕುವುದು ಸುಲಭ. ಹಾಗೆಯೇ ಸೇದುವ ಕೋಣೆಯಲ್ಲಿ ಮೆನು, ಬಿಯರ್ ಮಗ್ಗಿನ ಕೋಸ್ಟರ್, ಆರ್ಡರ್ ಮಾಡುವ ಕ್ಯೂಆರ್ ಕೋಡ್ ಅಂಟಿಸಿದ ಮೇಜು ಕಂಡರೆ ಅಲ್ಲಿ ಸೇವೆ ನಡೆಯುತ್ತಿದೆ ಎಂದೇ ಅರ್ಥ.

ಕುಡಿದವನಿಗೆ ಸಿಗರೇಟು ಆರಿಸಲು ಹೇಳುವ ಕೆಲಸ ವೇಟರಿನ ತಲೆಗೆ ಬಿದ್ದಿದೆ. ಹೊಗೆಯನ್ನು ಅತಿ ಹೆಚ್ಚು ಗಂಟೆ ಕುಡಿಯುವವನೂ ಅವನೇ, ಟಿಪ್ಸ್ ಕಳೆದುಕೊಳ್ಳುವವನೂ ಅವನೇ. ಇದಕ್ಕೊಂದು ಕ್ರಮ ಇದೆ, ಮಾಲೀಕರ ಸಂಘಗಳ ಮೂಲಕ ಅದನ್ನು ಕಡ್ಡಾಯ ಮಾಡಿಸಿ. ಗಿರಾಕಿ ಕೂರುವಾಗಲೇ, ಮೆನು ಕೊಡುವಾಗಲೇ ಹೇಳಬೇಕು. ಹಚ್ಚಿದ ಮೇಲೆ ಹೇಳಿದರೆ ಅದು ಅವನಿಗೆ ಅವಮಾನ. ಹಚ್ಚಿದರೆ ಒಂದು ಸಲ ವೇಟರ್ ಹೇಳಲಿ, ಎರಡನೇ ಸಲ ಮ್ಯಾನೇಜರ್ ಬರಲಿ. ಆರಿಸುವವರೆಗೆ ಆ ಮೇಜಿಗೆ ಮುಂದಿನ ಆರ್ಡರ್ ಇಲ್ಲ. ಮೂರನೆಯದಕ್ಕೆ ಬಿಲ್ಲು. ಅದಕ್ಕೂ ಜಗ್ಗದಿದ್ದರೆ ಪೊಲೀಸರು. ಆರ್ಡರ್ ನಿಂತ ಮೇಲೆ ಹೆಚ್ಚಿನವರು ಆರಿಸುತ್ತಾರೆ, ವಾದ ಮಾಡುವುದು ಬೇಡವೇ ಬೇಡ.

ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರ ಹೆಸರನ್ನೂ ಈ ಚರ್ಚೆಗೆ ಎಳೆದು ತರುವವರಿದ್ದಾರೆ. ಅವರ ಸಂಕಟ ದೊಡ್ಡದು, ಬೇರೆ ಪತ್ರಕ್ಕೇ ತಕ್ಕದ್ದು. ಪಬ್ಬಿನ ಕೋಣೆ ಮುಚ್ಚಿದರೆ ಹರಾಜಿನ ಬೆಲೆ ಬೀಳುತ್ತದೆ ಎನ್ನುವುದು ಮಾತ್ರ ಹುಸಿ ವಾದ.

ಈಗ ನಾವು ಕೇಳುವುದು. ಒಂದು, ಮುಂದಿನ ಅಧಿವೇಶನದಲ್ಲಿ 4ನೇ ಕಲಮಿನ ಆ ರಿಯಾಯಿತಿಯನ್ನು ಪಬ್ ಮತ್ತು ರೆಸ್ಟೋರೆಂಟುಗಳ ಮಟ್ಟಿಗಾದರೂ ತೆಗೆಯುವ ತಿದ್ದುಪಡಿ ತನ್ನಿ. ಹುಕ್ಕಾ ಬಾರುಗಳಿಗಾಗಿ ಅದೇ ಕಾಯ್ದೆಗೆ ಹೊಸ ಕಲಮು ಸೇರಿಸಲು ಸಾಧ್ಯವಾದ ಸರ್ಕಾರಕ್ಕೆ ಇದು ಅಸಾಧ್ಯವಲ್ಲ. ಎರಡು, ಅಲ್ಲಿಯವರೆಗೆ ಪಾಲಿಕೆಯ ಟ್ರೇಡ್ ಲೈಸೆನ್ಸ್ ನವೀಕರಣ ಮತ್ತು ಅಬಕಾರಿಯ ಸಿಎಲ್-9 (ಬಾರ್ ಮತ್ತು ರೆಸ್ಟೋರೆಂಟ್) ಸನ್ನದಿನ ನವೀಕರಣ ಎರಡಕ್ಕೂ ಕೋಣೆಯ ತಪಾಸಣಾ ವರದಿಯನ್ನು ಜೋಡಿಸಿ. ಇದಕ್ಕೆ ತಮ್ಮ ಇಲಾಖೆಯೊಂದೇ ಸಾಲದು, ಅಬಕಾರಿ ಮತ್ತು ನಗರಾಭಿವೃದ್ಧಿ ಸಚಿವರೂ ಜೊತೆಗಿರಬೇಕು. ಮೂರು, ದಂಡಕ್ಕೆ ಸ್ಥಳದಲ್ಲೇ ಮುದ್ರಿತ ರಸೀದಿ, ತಿಂಗಳಿಗೊಮ್ಮೆ ಜಿಲ್ಲಾ ತಂಬಾಕು ನಿಯಂತ್ರಣ ಕೋಶದಿಂದ ಲೆಕ್ಕದ ಪ್ರಕಟಣೆ. ಸೇದಿದವರಿಂದ ಎಷ್ಟು, ಮಾಲೀಕರಿಂದ ಎಷ್ಟು ಎಂದು ಬೇರೆಬೇರೆ ತೋರಿಸಲಿ. ಬೋರ್ಡಿನ ಖಾಲಿ ಜಾಗದಲ್ಲಿ ದೂರಿನ ನಂಬರಿನ ಜೊತೆ, ಬಿಡಬೇಕೆನ್ನುವವರಿಗಾಗಿ 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇರಲಿ.

ತಪಾಸಣೆಗೆ ದುಬಾರಿ ಯಂತ್ರ ಬೇಡ. ಒಂದು ಊದುಬತ್ತಿ, ಒಂದು ಟಾರ್ಚು, ಒಂದು ಏಣಿ ಸಾಕು. ಶನಿವಾರ ರಾತ್ರಿ ಒಂಬತ್ತರಿಂದ ಹನ್ನೊಂದರ ನಡುವೆ, ಅಡುಗೆಮನೆ ಪೂರ್ತಿ ಓಡುತ್ತಿರುವಾಗ, ಮುಚ್ಚಿದ ಬಾಗಿಲ ಕೆಳಗಿನ ಸಂದಿಗೆ ಹೊರಗಿನಿಂದ ಊದುಬತ್ತಿ ಹಿಡಿಯಲಿ. ಅದರ ಎಳೆ ಒಳಕ್ಕೆ ಬಾಗಬೇಕು. ನೆಟ್ಟಗೆ ನಿಂತರೆ, ಇಲ್ಲ ಈಚೆಗೆ ತಿರುಗಿದರೆ, ಫೇಲು. ಬಾಗಿಲನ್ನು ಪೂರ್ತಿ ತೆರೆದು ಕೈಬಿಟ್ಟರೆ ತಾನಾಗಿ ಬಂದು ಕೂರಬೇಕು. ಏಣಿ ಹತ್ತಿ ಟೈಲ್ ಸರಿಸಿ ಗೋಡೆ ಸ್ಲ್ಯಾಬ್ ಮುಟ್ಟಿದೆಯೇ ನೋಡಲಿ. ಕೊನೆಗೆ ಡಕ್ಟಿನ ಜಾಡು ಹಿಡಿದು ಹೊರಗೆ ಹೋಗಲಿ: ಅದು ಬಾಯಿ ಬಿಡುವುದು ಪಕ್ಕದ ಮನೆಯ ಬಾಲ್ಕನಿಗೋ, ಮೆಟ್ಟಿಲ ಶಾಫ್ಟಿಗೋ, ಹಾಲಿಗೆ ತಾಜಾ ಗಾಳಿ ಎಳೆಯುವ ಜಾಲರಿಯ ಪಕ್ಕಕ್ಕೋ ಎಂದು ಬರೆದುಕೊಳ್ಳಲಿ. ಒಂದು ಪಬ್ಬಿಗೆ ಇಪ್ಪತ್ತು ನಿಮಿಷ ಹಿಡಿದೀತು. ಮೊದಲ ಶನಿವಾರ ನಗರದ ಯಾವುದಾದರೂ ಒಂದು ರಸ್ತೆಯ ಹತ್ತು ಪಬ್ಬುಗಳನ್ನು ಹೀಗೆ ನೋಡಿಸಿ, ಆ ಹತ್ತು ವರದಿಗಳನ್ನು ತಿದ್ದದೆ ಸದನದ ಮುಂದಿಡಿ ಎಂಬುದು ನಮ್ಮ ಕೋರಿಕೆ.

ಇಂತಿ ತಮ್ಮ ವಿಶ್ವಾಸಿಗಳು,
ತಂಬಾಕು ನಿಯಂತ್ರಣದಲ್ಲೂ ಕಟ್ಟಡಗಳ ಗಾಳಿ ವ್ಯವಸ್ಥೆಯಲ್ಲೂ ಕೆಲಸ ಮಾಡುವ ಕೆಲವರು