ಆ 58 ಸೆಕೆಂಡು

ನಿನ್ನೆ ಸಂಜೆ ಮೇಲ್ ಬಂತು. ಪೇಪರ್ ಒಪ್ಪಿಕೊಂಡಿದ್ದಾರೆ. ಎರಡೂವರೆ ವರ್ಷ ಹಿಡಿದ ಕೆಲಸ, ಅದರಲ್ಲಿ ಒಂದು ವರ್ಷ ಪೂರ್ತಿ ನನ್ನದೇ ತಪ್ಪಿಗೆ ಹೋಯಿತು. ಹಾಗಾಗಿ ಈ ಥ್ಯಾಂಕ್ಸ್ ಹೆಚ್ಚಾಗಿ ನನ್ನನ್ನು ತಡೆದವರಿಗೆ.

2022ರ ಅಕ್ಟೋಬರ್ 9ರಂದು ಗಾಮಾ ಕಿರಣಗಳನ್ನು ನೋಡುವ ಫರ್ಮಿ ಉಪಗ್ರಹಕ್ಕೆ ಸಿಕ್ಕ ಗಾಮಾ ಕಿರಣ ಸ್ಫೋಟ, ಜಿಆರ್‌ಬಿ 221009ಎ, ನನ್ನ ವಿಷಯ. ಭಾರೀ ನಕ್ಷತ್ರವೊಂದರ ಒಡಲು ಕುಸಿದು ಹೊರಚಿಮ್ಮಿದ ಜೆಟ್, ಅಂದರೆ ಕಿರಿದಾದ ರಭಸದ ಧಾರೆ, ನೇರ ನಮ್ಮ ಕಡೆಗೇ ಮುಖ ಮಾಡಿತ್ತು. ಆ ಬೆಳಕು ಹೊರಟು ಸುಮಾರು 190 ಕೋಟಿ ವರ್ಷವಾಗಿತ್ತು. ಎರಡು ಸೆಕೆಂಡು ದಾಟಿದರೆ ದೀರ್ಘ ಸ್ಫೋಟ ಅನ್ನುತ್ತೇವೆ, ಇದು ನಿಮಿಷಗಟ್ಟಲೆ ಉರಿಯಿತು. ಅಲ್ಲಿಯವರೆಗೆ ದಾಖಲಾದವುಗಳಲ್ಲೇ ಅತಿ ಪ್ರಖರ. ಆ ಪ್ರಖರತೆಯೇ ನನ್ನನ್ನು ಕೆಡವಿದ್ದು.

ಫರ್ಮಿಯ ಸ್ಫೋಟ ಮಾನಿಟರ್‌ನಲ್ಲಿ ಸೋಡಿಯಂ ಅಯೋಡೈಡ್ ಹರಳಿನ 12 ಡಿಟೆಕ್ಟರ್‌ಗಳಿವೆ. ಫೋಟಾನ್, ಅಂದರೆ ಬೆಳಕಿನ ಕಣ, ಬಡಿದರೆ ಹರಳು ಮಿನುಗುತ್ತದೆ, ಮಿನುಗು ಜೋರಾದಷ್ಟೂ ಶಕ್ತಿ ಹೆಚ್ಚು. ಒಂದೊಂದಾಗಿ ಬಂದರೆ ಲೆಕ್ಕ ಸರಿ. ನೂಕುನುಗ್ಗಲಾದರೆ ಎರಡು ಮಿನುಗು ಒಂದಕ್ಕೊಂದು ಅಂಟಿಕೊಂಡು, ಬಾರದೇ ಇದ್ದ ಒಂದು ದೊಡ್ಡ ಫೋಟಾನ್ ದಾಖಲಾಗುತ್ತದೆ. ಇದಕ್ಕೇ ಪೈಲ್‌ಅಪ್ ಅನ್ನುತ್ತೇವೆ. ಎಣಿಕೆಯೂ ತಪ್ಪು, ಶಕ್ತಿಯೂ ತಪ್ಪು. ಉಪಕರಣದ ತಂಡ, ಸ್ಫೋಟ ಸಿಕ್ಕ ಕ್ಷಣದಿಂದ ಎಣಿಸಿ 219ರಿಂದ 277ನೇ ಸೆಕೆಂಡಿನವರೆಗಿನ ಡೇಟಾವನ್ನು ಹಾಗೇ ನಂಬಬೇಡಿ ಎಂದು ಸ್ಪಷ್ಟವಾಗಿ ಹೇಳಿತ್ತು. ಕೈಗೆ ಬಂದ ಅತಿ ದೊಡ್ಡ ಸ್ಫೋಟದ ಅತಿ ಪ್ರಖರ ಭಾಗವನ್ನೇ ಪಕ್ಕಕ್ಕಿಡಿ ಅನ್ನೋದಕ್ಕೆ ಗಟ್ಟಿ ಎದೆ ಬೇಕು. ಅವರಿಗೆ ಮೊದಲ ಥ್ಯಾಂಕ್ಸ್. ನಾನು ಅದನ್ನು ಓದಿಯೂ ಓದದಂತೆ ಮುಂದೆ ಹೋಗಿದ್ದೆ. ಆ 58 ಸೆಕೆಂಡನ್ನೂ ಸೇರಿಸಿ ಬ್ಯಾಂಡ್ ಫಂಕ್ಷನ್ (ಯಾವ ಶಕ್ತಿಯ ಫೋಟಾನ್ ಎಷ್ಟು ಎಂದು ಹೇಳುವ ಸೂತ್ರ) ಕೂರಿಸಿದರೆ ಗ್ರಾಫ್ ಎಷ್ಟು ಚೆಂದ ಬಂತೆಂದರೆ, ಪ್ರಿಂಟ್ ತೆಗೆದು ಮೇಜಿನ ಮುಂದೆ ಅಂಟಿಸಿಕೊಂಡೆ.

ಲ್ಯಾಬಿನ ಹಿರಿಯ ಅಕ್ಕ ಒಂದು ದಿನ ಚಾರ್ಜರ್ ಕೇಳೋಕೆ ಬಂದವರು ಅದನ್ನೇ ನೋಡುತ್ತಾ ನಿಂತರು. "ಇಲ್ಲಿ ಶಕ್ತಿ ಯಾಕೆ ಇಷ್ಟು ಹೆಚ್ಚು? ಪೈಲ್‌ಅಪ್ ನೋಡಿದ್ಯಾ?" ಅಷ್ಟೇ. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆಯಿಂದ ಎಲ್ಲ ಮೊದಲಿಂದ: ಬ್ಯಾಕ್‌ಗ್ರೌಂಡ್, ಡಿಟೆಕ್ಟರ್ ಆಯ್ಕೆ, ಕಾಲಾವಧಿಗಳು. ಮರುವಾರ ಗೈಡ್ ಹತ್ರ ಒಪ್ಪಿಕೊಂಡಾಗ ಅವರು ಬೈಯಲಿಲ್ಲ, ಸ್ವಿಫ್ಟ್ ಅನ್ನೋ ಇನ್ನೊಂದು ಉಪಗ್ರಹದ ಕಥೆ ಹೇಳಿದರು. ಫರ್ಮಿಗಿಂತ 53 ನಿಮಿಷ ತಡವಾಗಿ ಅದು ಇದೇ ಸ್ಫೋಟದ ಉಳಿಬೆಳಕನ್ನು (ಸ್ಫೋಟದ ನಂತರ ಉಳಿಯುವ ಹೊಳಪನ್ನು) ಹಿಡಿದಾಗ, ಅದು ನಮ್ಮ ಗ್ಯಾಲಕ್ಸಿಯೊಳಗಿನದ್ದೇ ಇರಬೇಕೆಂದು ಮೊದಲು ಅಂದುಕೊಂಡಿದ್ದರಂತೆ. ಆ ಕಥೆ ನನಗೆ ಎಷ್ಟು ಬೇಕಿತ್ತೋ ಅವರಿಗೇ ಗೊತ್ತು.

ಮೂರು ಸಲ ವಾಪಸ್ ಕಳಿಸಿದ ವಿಮರ್ಶಕರೇ, ಆಗ ನಿಮ್ಮನ್ನು ಮನಸಲ್ಲೇ ಬೈದಿದ್ದೇನೆ, ಕ್ಷಮಿಸಿ. ಕೋಡ್ ಓಡಿಸಲು ಸಿಸ್ಟಮ್ ಬಿಟ್ಟುಕೊಟ್ಟ ಗೆಳೆಯರಿಗೆ ಪಾರ್ಟಿ ಬಾಕಿ ಇದೆ, ಮರೆತಿಲ್ಲ. ಅಪ್ಪ, "ಆ ನಕ್ಷತ್ರ ಸತ್ತು ಅಷ್ಟು ಕಾಲ ಆಯ್ತಲ್ಲ, ನಿಂಗ್ಯಾಕೆ ಇಷ್ಟು ಅವಸರ, ಊಟ ಮಾಡು" ಅಂತ ಫೋನಲ್ಲಿ ಹೇಳುತ್ತಿದ್ದಿರಲ್ಲ, ಹೂಂ, ಮಾಡ್ತಿದ್ದೀನಿ.

ಅಕ್ಕಾ, ಆವತ್ತು ಕಿತ್ತುಕೊಂಡು ಹೋದ ಪ್ರಿಂಟ್ ಇನ್ನೂ ನಿಮ್ಮ ಡ್ರಾಯರ್‌ನಲ್ಲೇ ಇದೆ ಅಂತ ಗೊತ್ತು. ಈಗಲಾದರೂ ವಾಪಸ್ ಕೊಡ್ತೀರಾ?